ತಿಥಿ ದೇವರದು, ದೀಪದೆಣ್ಣೆ ವರ್ತಕರದು

ಪ್ರಶ್ನೆ: ನಮ್ಮ ತಾತನವರಿಗೆ ಜಾತ್ರೆಯೆಂದರೆ ಎತ್ತು ಕೊಳ್ಳುವ ಜಾಗ, ಅಜ್ಜಿಗೆ ಅದು ತೇರಿಗೆ ಹಣ್ಣು ಜವನ ಎಸೆಯುವ ದಿನ. ಜಾತ್ರೆಗಳು ಮೂಲದಲ್ಲಿ ದೇವರ ಉತ್ಸವಗಳಾಗಿದ್ದು ಆಮೇಲೆ ಅಂಗಡಿಗಳು ಬಂದು ಸೇರಿಕೊಂಡವೋ, ಇಲ್ಲವೇ ವ್ಯಾಪಾರಕ್ಕೆ ಜನ ಕೂಡುತ್ತಿದ್ದ ಕಡೆ ದೇವರು ಬಂದು ನೆಲೆಸಿದನೋ? ಸಂತೆ, ಪರಿಷೆ, ಜಾತ್ರೆ ಎಂಬುವು ಒಂದೇ ಸಂಗತಿಯ ಬೇರೆ ಬೇರೆ ಹೆಸರುಗಳೇ? ಈಗ ನಮ್ಮೂರ ಜಾತ್ರೆಗೆ ದನಗಳೇ ಬರುತ್ತಿಲ್ಲ. ಅದನ್ನು ಇನ್ನೂ ಜಾತ್ರೆ ಎನ್ನಬಹುದೇ?

ಉತ್ತರ: ನಿಮ್ಮ ತಾತನವರೂ ಸರಿ, ಅಜ್ಜಿಯವರೂ ಸರಿ ಎಂದು ಹೇಳಿ ಮುಗಿಸಿದರೆ ಅದು ಜಾರಿಕೊಳ್ಳುವ ಉತ್ತರವಾದೀತು. ಆದುದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರಸ್ಪರ ಗುರುತಿಲ್ಲದ ಜನ ದೂರದೂರದಿಂದ ಬಂದು ಒಂದೆಡೆ ಕೊಡುಕೊಳ್ಳುವ ವ್ಯವಹಾರ ನಡೆಸಬೇಕಾದರೆ ಎರಡು ಸಂಗತಿಗಳು ಬೇಕು: ಎಲ್ಲರಿಗೂ ಮೊದಲೇ ಗೊತ್ತಿರುವ ಒಂದು ದಿನ, ಮತ್ತು ಆ ದಿನ ಆ ಬಯಲಿನಲ್ಲಿ ಮೋಸ ದರೋಡೆಗಳಿಗೆ ಆಸ್ಪದವಿಲ್ಲವೆಂಬ ಒಂದು ಭರವಸೆ. ಅಂಚೆ, ಪತ್ರಿಕೆ, ಪೊಲೀಸ್ ಠಾಣೆಗಳಿಲ್ಲದ ಕಾಲದಲ್ಲಿ ಇವೆರಡನ್ನೂ ದೇವರಷ್ಟು ಸುಲಭವಾಗಿ ಒದಗಿಸಬಲ್ಲವರು ಬೇರೆ ಯಾರೂ ಇರಲಿಲ್ಲ. ಅರಸನ ಆಣೆ ಅವನ ಗಡಿಯವರೆಗೆ ಮಾತ್ರ ನಡೆಯುತ್ತಿತ್ತು. ಹುಣ್ಣಿಮೆ ಯಾವ ಗಡಿಯಾಚೆಗೂ ಹುಣ್ಣಿಮೆಯೇ. ದೇವರಿಗಾದರೂ ದೀಪಕ್ಕೆ ಎಣ್ಣೆ, ತೇರಿಗೆ ಹಗ್ಗ, ನೈವೇದ್ಯಕ್ಕೆ ಅಕ್ಕಿ ಬೇಕಾಗಿತ್ತು, ಅವುಗಳಲ್ಲಿ ದೊಡ್ಡ ಪಾಲು ವ್ಯಾಪಾರಿಯ ಹೇರಿನಿಂದಲೇ ಇಳಿಯುತ್ತಿತ್ತು. ಶಾಸನಗಳನ್ನು ಓದುತ್ತ ಹೋದಂತೆ ಈ ಎರಡು ಎಳೆಗಳನ್ನು ಬಿಡಿಸಿ ಯಾವುದು ಮೊದಲಿನದೆಂದು ತೋರಿಸುವುದು ಬಹುಮಟ್ಟಿಗೆ ಆಗದ ಕೆಲಸವೆಂಬುದು ಮನವರಿಕೆಯಾಗುತ್ತದೆ.

ಹೆಸರುಗಳಿಂದಲೇ ಆರಂಭಿಸೋಣ. ಜಾತ್ರೆ ಎಂಬುದು 'ಯಾತ್ರೆ'ಯ ತದ್ಭವ. ಮನೆ ಬಿಟ್ಟು ಹೊರಟವರ ಕಡೆಯಿಂದ ನೋಡಿ ಇಟ್ಟ ಹೆಸರು ಅದು. ಪರಿಷೆ 'ಪರಿಷತ್' ಶಬ್ದದಿಂದ ಬಂದದ್ದು. ಅದರ ಅರ್ಥ ಕೂಟ, ಜನ ಸೇರುವುದು. ಸಂತೆಯನ್ನು ನಿಘಂಟುಕಾರರು ಸಂಸ್ಕೃತದ 'ಸಂಸ್ಥಾ' ಎಂಬುದಕ್ಕೆ ಜೋಡಿಸುತ್ತಾರೆ; ತಮಿಳಿನ ಸಂದೈ, ತೆಲುಗಿನ ಸಂತ ಎರಡೂ ಇದರ ಒಡಹುಟ್ಟುಗಳು. ಗಮನಿಸಿ ನೋಡಿದರೆ ಈ ಮೂರು ಹೆಸರುಗಳಲ್ಲಿ ದೇವರ ಪ್ರಸ್ತಾಪವೂ ಇಲ್ಲ, ವ್ಯಾಪಾರದ ಪ್ರಸ್ತಾಪವೂ ಇಲ್ಲ. ಹೊರಡುವುದು, ಸೇರುವುದು, ನೆಲೆ ನಿಲ್ಲುವುದು ಇಷ್ಟೇ ಇವೆ. ಯೂರೋಪಿನ ಭಾಷೆಗಳು ಈ ವಿಷಯದಲ್ಲಿ ನಮಗಿಂತ ಬಾಯಿಬಿಟ್ಟು ಹೇಳಿವೆ. ಇಂಗ್ಲಿಷಿನ 'ಫೇರ್' ಲ್ಯಾಟಿನ್ನಿನ 'ಫೇರಿಯಾ' ಎಂಬ ಶಬ್ದದಿಂದ ಬಂದಿದೆ, ಅದರ ಅರ್ಥ ಹಬ್ಬದ ಬಿಡುವು; ಜರ್ಮನರು ವ್ಯಾಪಾರ ಮೇಳಕ್ಕೆ ಇಂದಿಗೂ 'ಮೆಸ್ಸೆ' ಎನ್ನುತ್ತಾರೆ, ಅದು ಇಗರ್ಜಿಯ ಪೂಜೆಯ ಹೆಸರೇ.

ಬಳಕೆಯಲ್ಲಿ ಪರಿಷೆಗೂ ಜಾತ್ರೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಹಳೆಯ ಮೈಸೂರಿನ ಕಡೆಯವರು ಪರಿಷೆ ಎನ್ನುವುದನ್ನೇ ಉಳಿದವರು ಜಾತ್ರೆ ಎನ್ನುತ್ತಾರೆ. ಸಂತೆಯ ಲೆಕ್ಕ ಮಾತ್ರ ಬೇರೆ. ಅದು ವಾರಕ್ಕೊಮ್ಮೆ ನೆರೆಯುವಂಥದು, ಅದರ ಸುತ್ತಳತೆಯನ್ನು ನಿರ್ಧರಿಸಿದ್ದು ಮನುಷ್ಯನ ಕಾಲು. ತಲೆಯ ಮೇಲೆ ಬುಟ್ಟಿ ಹೊತ್ತು ಬೆಳಗ್ಗೆ ಹೊರಟ ಹೆಂಗಸು ಬದನೆಕಾಯಿ ಮಾರಿ, ಉಪ್ಪು ಮೆಣಸಿನಕಾಯಿ ಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಷ್ಟು ದೂರದಲ್ಲಿ ಸಂತೆ ಇರಬೇಕು. ಅಕ್ಕಪಕ್ಕದ ಊರುಗಳ ಸಂತೆಗಳು ಒಂದೇ ದಿನ ಬೀಳದಂತೆ ವಾರಗಳು ಹಂಚಿಕೆಯಾಗಿರುವುದು ಈ ಕಾರಣಕ್ಕಾಗಿ. ಇಂದು ಸೋಮವಾರದ ಸಂತೆ ಮುಗಿಸಿದ ಬಳೆಗಾರ ನಾಳೆ ಮಂಗಳವಾರದ ಸಂತೆಗೆ ಹೋಗುತ್ತಾನೆ. ವಾರ ತಿರುಗುವಷ್ಟರಲ್ಲಿ ಅವನ ಸುತ್ತೂ ಮುಗಿದು, ಹಿಂದಿನ ವಾರದ ಬಾಕಿ ವಸೂಲಾಗುವ ಹೊತ್ತೂ ಆಗಿರುತ್ತದೆ. ನೇಕಾರನಿಗೆ ಈ ವಾರದ ಗಡುವು ಎಷ್ಟು ಬಿಗಿಯಾಗಿತ್ತೆಂಬುದು 'ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ' ಎಂಬ ಗಾದೆಯಲ್ಲಿದೆ; ಅವಸರದ ಕೆಲಸಕ್ಕೆ ನಾವು ಈಗ ಹೇಳುವ ಈ ಮಾತು ಒಂದು ಕಾಲಕ್ಕೆ ಮಗ್ಗದ ಗುಂಡಿಯಲ್ಲಿ ಕುಳಿತವನ ವಾರದ ಪಾಡಾಗಿತ್ತು. ಸಂತೆಬೆನ್ನೂರು, ಸಂತೆಮರಹಳ್ಳಿ, ಸಂತೆಬಾಚಹಳ್ಳಿ, ಸಂತೆಶಿವರ, ಸಂತೆಕೆಲ್ಲೂರು ಎಂಬ ಹೆಸರುಗಳು ನಕ್ಷೆಯಲ್ಲಿ ಇಂದಿಗೂ ಇವೆ. ಸಂತೆ ನೆರೆಯುವುದು ಆ ಊರಿನ ಗುರುತೇ ಆಗುವಷ್ಟು ದೊಡ್ಡ ಸಂಗತಿಯಾಗಿತ್ತು.

ಜಾತ್ರೆಯಲ್ಲಿ ಕೊಳ್ಳುವುದು ವಾರ ವಾರ ಬೇಕಾಗುವ ವಸ್ತುಗಳನ್ನಲ್ಲ. ಎತ್ತಿನ ಜೋಡಿ, ಗಾಡಿಯ ಗಾಲಿ, ಹಿತ್ತಾಳೆಯ ಕೊಡ, ಕಂಬಳಿ, ಕೊರಳ ಗಂಟೆ ಇವೆಲ್ಲ ಒಂದು ಕುಟುಂಬ ಹಲವು ವರ್ಷಗಳಿಗೊಮ್ಮೆ ಕೊಳ್ಳುವಂಥವು. ಇವನ್ನು ಮಾಡುವವನು ಒಂದು ಹಳ್ಳಿಯನ್ನು ನೆಚ್ಚಿಕೊಂಡು ಬದುಕಲಾರ; ಅವನಿಗೆ ನೂರಾರು ಹಳ್ಳಿಗಳ ಗಿರಾಕಿ ಒಂದೇ ಸಲ, ಒಂದೇ ಕಡೆ ಸಿಗಬೇಕು. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯನ್ನು ನೋಡದವರಿಗೆ ಈ ಮಾತಿನ ಅರ್ಥ ಪೂರ್ತಿ ಹಿಡಿಯಲಾರದು. ಪುಷ್ಯ ಮಾಸದ ಹುಣ್ಣಿಮೆಯಂದು, ಬನದ ಹುಣ್ಣಿಮೆಯೆಂದೇ ಅಲ್ಲಿಯವರು ಕರೆಯುವ ದಿನ, ತೇರು ಎಳೆಯುತ್ತಾರೆ. ಅದಕ್ಕೆ ಮೊದಲು ದೇವಿಗೆ 108 ಬಗೆಯ ಕಾಯಿಪಲ್ಯಗಳನ್ನು ಅರ್ಪಿಸುವ ಪಲ್ಲೇದ ಹಬ್ಬ ನಡೆಯುತ್ತದೆ. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ಅಲ್ಲಿ ಹೆಸರಾಗಿರುವ ಸರಕು ಯಾವುದೆಂದು ಕೇಳಿದರೆ ಹೊಸಬರು ನಗುತ್ತಾರೆ: ಮನೆಯ ಬಾಗಿಲು. ಕೆತ್ತನೆಯ ಚೌಕಟ್ಟುಗಳು, ಜೋಡಿ ಕದಗಳು, ಬಯಲಿನಲ್ಲಿ ಗೋಡೆಯಿಲ್ಲದೆ ಸಾಲಾಗಿ ಒರಗಿ ನಿಂತಿರುತ್ತವೆ. ಮನೆ ಕಟ್ಟಬೇಕೆಂದಿರುವವನು ಹೊಸ್ತಿಲಿನ ಅಗಲವನ್ನು ನೂಲಿನಲ್ಲಿ ಅಳೆದು, ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಬಂದು ಚೌಕಟ್ಟಿಗೆ ಹಿಡಿದು ನೋಡುವುದನ್ನು ನಾನು ಕಂಡಿದ್ದೇನೆ. ಜೀವಮಾನದಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೊಳ್ಳುವ ಈ ವಸ್ತುವಿಗೆ ಜಾತ್ರೆಯಂಥ ಪೇಟೆ ಬೇರೆಲ್ಲಿದೆ?

ಇನ್ನು ಕಾಲದ ಮಾತು. ಪಂಚಾಂಗ ಹಿಡಿದು ನಮ್ಮ ನಾಡಿನ ದೊಡ್ಡ ಜಾತ್ರೆಗಳನ್ನು ಗುರುತು ಹಾಕುತ್ತ ಹೋದರೆ ಹೆಚ್ಚಿನವು ಕಾರ್ತಿಕದಿಂದ ಚೈತ್ರದವರೆಗಿನ ಆರು ತಿಂಗಳಲ್ಲಿ ಬೀಳುತ್ತವೆ. ಆಷಾಢ ಶ್ರಾವಣಗಳ ಮಳೆಯಲ್ಲಿ ತೇರು ಎಳೆಯುವ ಊರುಗಳು ವಿರಳ. ಕಾರಣ ಸರಳವಾದದ್ದು. ಸುಗ್ಗಿ ಮುಗಿದು ಕೈಯಲ್ಲಿ ಒಂದಿಷ್ಟು ಹಣ ಆಡುವ ಕಾಲ ಅದು; ಹೊಲ ಖಾಲಿಯಿದ್ದು ಎತ್ತಿಗೂ ಆಳಿಗೂ ಬಿಡುವಿರುತ್ತದೆ; ಗಾಡಿಯ ದಾರಿ ಒಣಗಿ ಗಟ್ಟಿಯಾಗಿರುತ್ತದೆ; ಮುಂದಿನ ಮುಂಗಾರಿಗೆ ಮೊದಲು ದನ ಬದಲಾಯಿಸಬೇಕೆನ್ನುವವನಿಗೆ ಪಳಗಿಸಿಕೊಳ್ಳಲು ಸಮಯವೂ ಉಳಿದಿರುತ್ತದೆ. ಹುಣ್ಣಿಮೆಯ ಜಾತ್ರೆಗಳು ಇಷ್ಟೊಂದು ಏಕೆ ಎಂಬುದಕ್ಕೆ ಶಾಸ್ತ್ರದ ಉತ್ತರಗಳು ಹಲವಿವೆ, ಅವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಸಿಲಿಗೆ ಹೆದರಿ ರಾತ್ರಿಯೇ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರನ್ನು ಕೇಳಿದರೆ ಬೆಳದಿಂಗಳ ಉಪಯೋಗವನ್ನು ಅವರೇ ವಿವರಿಸುತ್ತಾರೆ.

ಶಾಸನಗಳು ಏನು ಹೇಳುತ್ತವೆ ಎಂಬುದಕ್ಕೆ ಬರೋಣ. ಮಧ್ಯಯುಗದ ಕನ್ನಡ ನಾಡಿನಲ್ಲಿ ವ್ಯಾಪಾರವೆಂಬುದು ಒಬ್ಬೊಬ್ಬರ ಸಾಹಸವಾಗಿರದೆ ಸಂಘಗಳ ಕೆಲಸವಾಗಿತ್ತು. ಐಹೊಳೆಯನ್ನು ಮೂಲವೆಂದು ಹೇಳಿಕೊಂಡ 'ಅಯ್ಯಾವೊಳೆ ಐನೂರ್ವರು' ಇವರಲ್ಲಿ ಹೆಸರುವಾಸಿಯಾದವರು. ವೀರಬಣಂಜುಧರ್ಮ ಎಂಬ ಕಟ್ಟಳೆಗೆ ಒಳಪಟ್ಟಿದ್ದ ಈ ಹೆಸರಿನವರು ಸುಮಾತ್ರಾದ ಬಾರೂಸ್‌ನಲ್ಲಿ ಸಿಕ್ಕಿರುವ 1088ರ ತಮಿಳು ಶಾಸನದಲ್ಲಿಯೂ ಕಾಣಿಸಿಕೊಳ್ಳುತ್ತಾರೆ. ನಾನಾದೇಸಿಗಳು, ಮುಮ್ಮುರಿದಂಡಗಳು, ಪಟ್ಟಣಸ್ವಾಮಿಗಳು ಎಂಬ ವರ್ತಕ ಸಂಘಗಳ ಮತ್ತು ಪೇಟೆಯ ಮುಖಂಡರ ಹೆಸರುಗಳು ಶಾಸನಗಳಲ್ಲಿ ಬಂದಾಗಲೆಲ್ಲ ಅವುಗಳ ಬೆನ್ನಿಗೇ ಒಂದು ದೇವಾಲಯವೋ ಬಸದಿಯೋ ಇರುತ್ತದೆ. ಎಲೆಯ ಹೇರಿಗೆ ಇಷ್ಟು ಎಲೆ, ಅಡಕೆಯ ಹೇರಿಗೆ ಇಷ್ಟು ಅಡಕೆ, ಗಾಣಕ್ಕೆ ಒಂದು ಸೊಲ್ಲಗೆ (ಹಳೆಯ ಕಾಲದ ಒಂದು ಅಳತೆ) ಎಣ್ಣೆ ಎಂದು ವರ್ತಕರೇ ಕೂಡಿ ತಮ್ಮ ಮೇಲೆ ತೆರಿಗೆ ಹಾಕಿಕೊಂಡು ದೇವರಿಗೆ ಬಿಡುತ್ತಾರೆ. 1204ರ ಬೆಳಗಾವಿಯ ರಟ್ಟರ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯ ರಟ್ಟ ಜಿನಾಲಯಕ್ಕೆ ದಾಯ, ಎಂದರೆ ಸರಕಿನ ಮೇಲಿನ ಪಾಲು, ಬಿಟ್ಟವರಲ್ಲಿ ಸ್ಥಳೀಯರ ಜೊತೆಗೆ ಲಾಳ ದೇಶದ, ಎಂದರೆ ಗುಜರಾತಿನ ಕಡೆಯ ವರ್ತಕರೂ ಮಲೆಯಾಳದ ವರ್ತಕರೂ ಇದ್ದಾರೆ. ಊರ ಬಸದಿಯ ದೀಪಕ್ಕೆ ಪರದೇಶದ ವ್ಯಾಪಾರಿ ಎಣ್ಣೆ ಏಕೆ ಕೊಡಬೇಕು? ಭಕ್ತಿಯಿಂದ ಎಂದು ಒಪ್ಪಿಕೊಳ್ಳೋಣ. ಅದರ ಜೊತೆಗೆ, ಆ ಊರಿನಲ್ಲಿ ಅವನ ಮಾತಿಗೆ ಸಾಕ್ಷಿ ನಿಲ್ಲಲು ಒಬ್ಬ ದೇವರು ಬೇಕಾಗಿತ್ತೆಂಬುದನ್ನೂ ಮರೆಯಬಾರದು.

ಈ ನಂಟನ್ನು ಕಲ್ಲಿನಲ್ಲಿಯೇ ನೋಡಬೇಕೆನ್ನುವವರು ಹಂಪಿಗೆ ಹೋಗಬೇಕು. ವಿರೂಪಾಕ್ಷ, ಕೃಷ್ಣ, ವಿಠ್ಠಲ, ಅಚ್ಯುತರಾಯ ದೇವಾಲಯಗಳ ಎದುರು ಚಾಚಿಕೊಂಡಿರುವ ಅಗಲವಾದ ಬೀದಿಗಳು ತೇರು ಹರಿಯುವ ರಥಬೀದಿಗಳೂ ಹೌದು, ಎರಡು ಬದಿಗಳಲ್ಲಿ ಕಂಬದ ಸಾಲುಮಂಟಪಗಳಿರುವ ಪೇಟೆಗಳೂ ಹೌದು. ತೇರಿಗೊಂದು, ಅಂಗಡಿಗೊಂದು ಬೀದಿ ಎಂಬ ವಿಂಗಡಣೆಯೇ ಅಲ್ಲಿಯ ಶಿಲ್ಪಿಗಳ ತಲೆಗೆ ಬಂದಂತಿಲ್ಲ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಪ್ರತಿ ಸಂಜೆಯೂ ನೆರೆಯುತ್ತಿದ್ದ ಸಂತೆಯೊಂದನ್ನು ವರ್ಣಿಸಿದ್ದಾನೆ. ಸಾಮಾನ್ಯ ಕುದುರೆಗಳೂ ನಿಂಬೆ, ಕಿತ್ತಳೆ, ದ್ರಾಕ್ಷಿಗಳೂ ಕಟ್ಟಿಗೆಯೂ ಒಂದೇ ಬೀದಿಯಲ್ಲಿ ಮಾರಾಟವಾಗುತ್ತಿದ್ದವೆಂದೂ, ನಗರದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ದಿನ ಸಂತೆ ಇರುತ್ತಿತ್ತೆಂದೂ ಅವನು ಬರೆಯುತ್ತಾನೆ. ಹಳ್ಳಿಗಳ ನಡುವೆ ವಾರ ಹಂಚಿಕೊಳ್ಳುತ್ತಿದ್ದ ಪದ್ಧತಿಯೇ ಅಲ್ಲಿ ಒಂದು ಮಹಾನಗರದ ಕೇರಿಗಳ ನಡುವೆ ನಡೆದಿತ್ತು.

ಆದರೆ ನನಗೆ ಪಾಯೆಸ್‌ಗಿಂತ ಪ್ರಿಯನಾದ ಸಾಕ್ಷಿ ಅವನಿಗಿಂತ ಅರ್ಧ ಶತಮಾನ ಮೊದಲು ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್. ತ್ವೇರ್ ಎಂಬ ಊರಿನಿಂದ ಹೊರಟ ಈತ ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿ, ಒಂದು ಗಂಡು ಕುದುರೆಯನ್ನೂ ಹತ್ತಿಸಿಕೊಂಡು, ಚೌಲ್‌ನಲ್ಲಿ ಇಳಿದು, 1470ರ ಆಸುಪಾಸಿನಲ್ಲಿ ಬಹಮನಿ ಸುಲ್ತಾನರ ಬೀದರಿಗೆ ಬಂದ. ದಾರಿಯಲ್ಲಿ ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತ ಬದಲಾಯಿಸಿದರೆ ಮಾತ್ರ ಕೊಡುತ್ತೇನೆಂದು ಹಠ ಹಿಡಿದ. ಖುರಾಸಾನದ ಸಜ್ಜನನೊಬ್ಬ ನಡುವೆ ಬಂದುದರಿಂದ ಕುದುರೆಯೂ ಉಳಿಯಿತು, ಮತವೂ ಉಳಿಯಿತು. ಇಂಥ ಕಷ್ಟ ಪಟ್ಟವನ ಕಣ್ಣು ಕುದುರೆಯ ಪೇಟೆಯ ಮೇಲೆಯೇ ಇರುವುದು ಸಹಜ. ಅವನು ಬರೆದಿಟ್ಟಿರುವ ಒಂದು ಜಾತ್ರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದದ್ದು. ಶೇಖ್ ಅಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ ಅಲ್ಲಿ ಪೇಟೆ ಸೇರುತ್ತದೆ, ಇಡೀ ಹಿಂದೂಸ್ತಾನದವರು ಬಂದು 10 ದಿನ ವ್ಯಾಪಾರ ಮಾಡುತ್ತಾರೆ, ಮಾರಾಟಕ್ಕೆ 20,000ದಷ್ಟು ಕುದುರೆಗಳು ಬರುತ್ತವೆ, ಇದಕ್ಕಿಂತ ಉತ್ತಮವಾದ ಪೇಟೆ ಈ ದೇಶದಲ್ಲಿಲ್ಲ ಎಂಬುದು ಅವನ ಮಾತಿನ ಸಾರ. 20,000 ಎಂಬುದನ್ನು ನಾನು ಎಣಿಕೆಯೆಂದು ತಿಳಿಯುವುದಿಲ್ಲ, ಬೆರಗೆಂದು ತಿಳಿಯುತ್ತೇನೆ. ಆದರೆ ಬಹಮನಿಗಳೂ ವಿಜಯನಗರದವರೂ ಕುದುರೆಯ ದಂಡಿಗಾಗಿ ಅರಬ್ಬೀ ಮತ್ತು ಇರಾನಿನ ತಳಿಗಳನ್ನು ಪಶ್ಚಿಮದ ಬಂದರುಗಳ ಮೂಲಕ ತರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಆ ವ್ಯಾಪಾರಕ್ಕೆ ಸುಲ್ತಾನನ ಕೋಟೆಯ ಬಾಗಿಲಿನ ಜೊತೆಗೆ ಸೂಫಿ ಸಂತರೊಬ್ಬರ ಸಮಾಧಿಯ ಬಯಲೂ ಪೇಟೆಯಾಗಿತ್ತೆಂಬುದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಉರುಸಿಗೂ ತೇರಿಗೂ ಈ ಕೆಲಸದಲ್ಲಿ ಭೇದವಿಲ್ಲ. ಅದೇ ಉಸಿರಿನಲ್ಲಿ ನಿಕಿತಿನ್ ಆಳಂದದಲ್ಲಿ ರಾತ್ರಿ ಹಾರುವ 'ಗುಕುಕ್' ಎಂಬ ಹಕ್ಕಿಯೊಂದು ಯಾರ ಮನೆಯ ಮೇಲೆ ಕೂರುತ್ತದೆಯೋ ಆ ಮನೆಯಲ್ಲಿ ಸಾವು ಖಚಿತ ಎಂದೂ ಬರೆದುಕೊಂಡಿದ್ದಾನೆ. ಗೂಬೆಯ ಬಗೆಗಿನ ನಮ್ಮ ಹಳ್ಳಿಯ ನಂಬಿಕೆ ಹೀಗೆ ಜಾತ್ರೆಯ ಸರಕಿನ ಜೊತೆಗೆ ರಷ್ಯಕ್ಕೂ ಹೋಯಿತು.

ಹೊರನಾಡಿನ ಒಂದು ಹೋಲಿಕೆಯನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. 12 ಮತ್ತು 13ನೆಯ ಶತಮಾನಗಳಲ್ಲಿ ಫ್ರಾನ್ಸಿನ ಶಾಂಪೇನ್ ಪ್ರಾಂತದ ನಾಲ್ಕು ಊರುಗಳಲ್ಲಿ ವರ್ಷಕ್ಕೆ ಆರು ಜಾತ್ರೆಗಳು ಸರದಿಯಂತೆ ನಡೆದು, ಇಟಲಿಯ ವರ್ತಕರೂ ಫ್ಲಾಂಡರ್ಸಿನ ಬಟ್ಟೆಯವರೂ ಅಲ್ಲಿ ಕೂಡುತ್ತಿದ್ದರು. ಬರುವವರಿಗೆ ದಾರಿಯ ರಕ್ಷಣೆಯ ಹೊಣೆಯನ್ನು ಅಲ್ಲಿಯ ದೊರೆಗಳು ಹೊತ್ತಿದ್ದರು. ಇಂಗ್ಲೆಂಡಿನ ಜಾತ್ರೆಗಳಲ್ಲಿ ವ್ಯಾಜ್ಯಗಳನ್ನು ಅಲ್ಲಿಂದಲ್ಲಿಗೇ ತೀರಿಸಲು ಒಂದು ನ್ಯಾಯಸ್ಥಾನವಿತ್ತು. ಅದರ ಹೆಸರಿನ ಅರ್ಥ 'ಧೂಳು ಮೆತ್ತಿದ ಕಾಲಿನವರದು' ಎಂದು. ನಾಳೆ ಊರು ಬಿಡುವ ವ್ಯಾಪಾರಿಗೆ ಮುಂದಿನ ತಿಂಗಳ ವಾಯಿದೆ ಕೊಟ್ಟರೆ ಅದು ನ್ಯಾಯವಾಗದೆಂದು ಅವರಿಗೆ ತಿಳಿದಿತ್ತು.

ನಮ್ಮಲ್ಲಿ ಆ ನ್ಯಾಯಸ್ಥಾನದ ಕೆಲಸವನ್ನು ಬಹುಪಾಲು ದಲ್ಲಾಳಿಯೇ ಮಾಡುತ್ತಿದ್ದ. ದನದ ಜಾತ್ರೆಯ ವ್ಯಾಪಾರವನ್ನು ಹತ್ತಿರದಿಂದ ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್ ಜನವರಿಯ ಹೊತ್ತಿಗೆ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳಿಗೆ ಚಪ್ಪರ ಹಾಕಿ, ನೆಲಕ್ಕೆ ಹುಲ್ಲು ಹಾಸಿ, ಕೊಂಬಿಗೆ ಎಣ್ಣೆ ಸವರಿ, ಮದುವೆಯ ಗಂಡಿನಂತೆ ನಿಲ್ಲಿಸಿರುತ್ತಾರೆ. ಕೊಳ್ಳಲು ಬಂದವನು ಮೊದಲು ದೂರ ನಿಂತು ನಡಿಗೆ ನೋಡುತ್ತಾನೆ, ಆಮೇಲೆ ಮೈಮೇಲಿನ ಸುಳಿ ನೋಡುತ್ತಾನೆ, ಕೊನೆಗೆ ಕೆಳದುಟಿ ಹಿಡಿದು ಹಲ್ಲು ನೋಡುತ್ತಾನೆ. ಹಾಲುಹಲ್ಲು ಬಿದ್ದು ಮುಂದಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ಎರಡು ವರ್ಷ ದಾಟಿದ ಹೋರಿ. ನಾಲ್ಕು ಹಲ್ಲು, ಆರು ಹಲ್ಲು ಎಂದು ಲೆಕ್ಕ ಏರುತ್ತದೆ. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತಾರೆ, ಅಲ್ಲಿಂದಾಚೆಗೆ ವಯಸ್ಸನ್ನು ಹಲ್ಲಿನ ಸವೆತ ನೋಡಿ ಊಹಿಸಬೇಕು. ಬೆಲೆಯ ಮಾತು ಬಾಯಿಂದ ಹೊರಡುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಇಳಿಸಿ ಕೊಳ್ಳುವವನ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಒತ್ತಿದನೋ ಅಷ್ಟು; ಅದು ನೂರರ ಲೆಕ್ಕವೋ ಸಾವಿರದ ಲೆಕ್ಕವೋ ಎಂಬುದು ದನ ನೋಡಿದ ಇಬ್ಬರಿಗೂ ಗೊತ್ತಿರುತ್ತದೆ. ಕೊಳ್ಳುವವನು ತಲೆಯಾಡಿಸಿದರೆ ದಲ್ಲಾಳಿ ಹೋಗಿ ಮಾರುವವನ ಕೈಮೇಲೆ ಅದೇ ಟವೆಲ್ ಹೊದಿಸುತ್ತಾನೆ. ಸುತ್ತ ನಿಂತ 20 ಮಂದಿಗೆ ಏನೂ ತಿಳಿಯುವುದಿಲ್ಲ. ಹೀಗಾಗಿ ಒಂದು ಜೋಡಿಯ ಬೆಲೆ ಪಕ್ಕದ ಜೋಡಿಯ ಬೆಲೆಯನ್ನು ಕೆಡಿಸುವುದೂ ಇಲ್ಲ, ಇಳಿಸಿ ಮಾರಿದವನ ಮಾನ ಹೋಗುವುದೂ ಇಲ್ಲ. ವ್ಯಾಪಾರ ಕುದುರಿದ ಮೇಲೆ ಸಂಚಕಾರ (ಮುಂಗಡ) ಕೈಗಿಟ್ಟರೆ ಮುಗಿಯಿತು, ಕಾಗದವಿಲ್ಲ, ರುಜುವಿಲ್ಲ. ಮಾತು ತಪ್ಪಿದರೆ ಏನು ಗತಿ ಎಂದು ನಾನೊಮ್ಮೆ ಹಿರಿಯ ದಲ್ಲಾಳಿಯೊಬ್ಬರನ್ನು ಕೇಳಿದೆ. ಅವರು ಗೋಪುರದ ಕಡೆಗೆ ಗದ್ದ ತಿರುಗಿಸಿ, 'ಮುಂದಿನ ವರ್ಷ ಇಲ್ಲಿಗೇ ಬರಬೇಕಲ್ಲ ಸ್ವಾಮಿ' ಎಂದರು. ದೇವರ ಭಯವೂ ವ್ಯಾಪಾರದ ಭಯವೂ ಆ ಒಂದೇ ಮಾತಿನಲ್ಲಿದ್ದವು.

ಜಾತ್ರೆಯ ಹುಟ್ಟಿನ ಕಥೆಗಳನ್ನು ಓದುವಾಗ ಮಾತ್ರ ಒಂದು ಎಚ್ಚರ ಬೇಕು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯ ಕಥೆ ನಿಮಗೆ ತಿಳಿದಿರಬಹುದು: ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರ ಕಡಲೆಕಾಯಿ ಬೆಳೆಯನ್ನು ಬಸವವೊಂದು ಮೇಯುತ್ತಿತ್ತು, ಅದನ್ನು ಹಿಡಿಯಹೋದಾಗ ಕಲ್ಲಾಯಿತು, ರೈತರು ಗುಡಿ ಕಟ್ಟಿ ಮೊದಲ ಫಸಲನ್ನು ಅದಕ್ಕೇ ಒಪ್ಪಿಸುತ್ತೇವೆಂದು ಹರಕೆ ಹೊತ್ತರು. ದೊಡ್ಡ ಬಸವಣ್ಣನ ಗುಡಿಯನ್ನು ಬೆಂಗಳೂರು ಕಟ್ಟಿದ ಕೆಂಪೇಗೌಡರ ಕಾಲಕ್ಕೆ, ಎಂದರೆ 1537ರ ಸುಮಾರಿಗೆ ಒಯ್ಯುವುದು ವಾಡಿಕೆ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರು ಬಂದ ನಂತರವೇ ಅದು ಈ ಕಡೆ ಬಂದದ್ದು, ಹೊಲಗಟ್ಟಲೆ ಬೆಳೆಯತೊಡಗಿದ್ದು ಬಹುಮಟ್ಟಿಗೆ 19ನೆಯ ಶತಮಾನದಲ್ಲಿ. ಕೆಂಪೇಗೌಡರ ಕಾಲದ ಬಸವ ಮೇದದ್ದು ಬೇರೆ ಯಾವುದೋ ಬೆಳೆಯಾಗಿರಬೇಕು, ಇಲ್ಲವೇ ಕಥೆ ಗುಡಿಗಿಂತ ಎಳೆಯದಾಗಿರಬೇಕು. ಇದರಿಂದ ಪರಿಷೆಗೆ ಕುಂದೇನೂ ಇಲ್ಲ. ಸುತ್ತಲಿನ ಹಳ್ಳಿಗಳೆಲ್ಲ ಪೇಟೆ ಬಡಾವಣೆಗಳಾಗಿ, ಹೊಲಗಳ ಗುರುತೂ ಉಳಿಯದ ಮೇಲೆಯೂ, ದೂರದ ಜಿಲ್ಲೆಗಳಿಂದ ಮೂಟೆ ತರಿಸಿ ಅದೇ ಸೋಮವಾರ ಅದೇ ರಸ್ತೆಯ ಬದಿಯಲ್ಲಿ ರಾಶಿ ಹಾಕುತ್ತಾರೆ. ಬೆಳೆ ಬದಲಾಗಬಹುದು, ಬೆಳೆಯುವ ನೆಲ ಬದಲಾಗಬಹುದು, ತಿಥಿಯ ಹಿಡಿತ ಸಡಿಲವಾಗಲಿಲ್ಲ.

ಹಬ್ಬದ ಭಾಗಕ್ಕೆ ಬಂದರೆ, ಜಾತ್ರೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದುದು ಸರಕಷ್ಟೇ ಅಲ್ಲವೆಂಬುದು ನಿಮ್ಮ ಅಜ್ಜಿಯವರಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ತವರಿಗೆ ಕರೆಸುವುದು, ಹೆಣ್ಣು ಗಂಡು ನೋಡಿ ಮಾತು ಎತ್ತುವುದು, ಹೊಸ ಜೋಡಿ ತೇರಿಗೆ ಹಣ್ಣು ಜವನ ಎಸೆಯುವುದು, ಉತ್ತರದ ಕಡೆ ಉತ್ತತ್ತಿ ಎಸೆಯುವುದು, ಇವೆಲ್ಲ ಊರೂರುಗಳ ನಡುವಿನ ಸಂಬಂಧದ ವ್ಯವಹಾರವೇ. ಕುಂದಾಪುರದ ಬಳಿಯ ಕೋಟೇಶ್ವರದ ಕೊಡಿ ಹಬ್ಬದಲ್ಲಿ ನವದಂಪತಿಗಳು ಕಬ್ಬಿನ ಕೊಡಿ ಕೊಂಡು ಮನೆಗೆ ಒಯ್ಯುತ್ತಾರೆ; ಕೊಂಡದ್ದು ಕಬ್ಬು, ಒಯ್ದದ್ದು ಕುಡಿಯೊಡೆಯಲೆಂಬ ಹಾರೈಕೆ. ಸುದ್ದಿಯೂ ಜಾತ್ರೆಯಲ್ಲಿ ಹಂಚುವ ಸರಕಾಗಿತ್ತು. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಸಮಯದ ಜಾತ್ರೆಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಕೇಳಲು ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆ ಸಾಲು ಎರಡು ಮೂರು ಅರ್ಥ ಬರುವಂತಿರುತ್ತದೆ. ಅದರಿಂದ ಮಳೆ ಬೆಳೆಗಳನ್ನೂ ರಾಜ್ಯದ ಆಗುಹೋಗುಗಳನ್ನೂ ಬಿಡಿಸಿಕೊಳ್ಳುವುದು ಕೇಳಿದವರ ಜಾಣ್ಮೆಗೆ ಬಿಟ್ಟದ್ದು. ಬನಶಂಕರಿಯಲ್ಲಿ ಕಂಪನಿ ನಾಟಕಗಳ ಡೇರೆಗಳು ಒಂದರ ಪಕ್ಕದಲ್ಲಿ ಒಂದು ಎದ್ದು ಬೆಳಗಿನ ಜಾವದವರೆಗೂ ಪ್ರಯೋಗ ನಡೆಸುತ್ತವೆ. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಗೆ ವರ್ಷದ ಗಂಜಿಯ ಒಂದು ಭಾಗ ಅಲ್ಲಿಂದಲೇ ಹುಟ್ಟುತ್ತದೆ.

ಜಾತ್ರೆಯಲ್ಲಿ ಎಲ್ಲರೂ ಸಮಾನರು ಎಂದು ಬರೆಯುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ತೇರಿನ ಹಗ್ಗವನ್ನು ಯಾರು ಹಿಡಿಯಬೇಕು, ಯಾರ ಕೇರಿಗೆ ತೇರು ಹೋಗಬಾರದು ಎಂಬ ಕಟ್ಟುಗಳು ಎಷ್ಟೋ ಊರುಗಳಲ್ಲಿದ್ದವು; ಅವುಗಳ ಬಗೆಗಿನ ಜಗಳ ಇಂದಿಗೂ ಠಾಣೆಯ ಮೆಟ್ಟಿಲೇರುತ್ತದೆ. ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದು ಜಾತ್ರೆಗಳಲ್ಲಿಯೇ ನಡೆಯುತ್ತಿತ್ತು, ಅದನ್ನು ತಡೆಯಲು 1982ರಲ್ಲಿ ಕರ್ನಾಟಕ ಕಾನೂನನ್ನೇ ತರಬೇಕಾಯಿತು. ಆದರೂ ಪೇಟೆಯ ಬಯಲಿನ ವಿಷಯದಲ್ಲಿ ಒಂದು ಮಾತು ನಿಲ್ಲುತ್ತದೆ. ಹೊರಗಿನವನು ಬರದೆ ಜಾತ್ರೆ ಆಗುವುದಿಲ್ಲ. 2022ರಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಇಡಬಾರದೆಂಬ ಫಲಕಗಳು ಕಾಣಿಸಿಕೊಂಡವು, 2002ರ ನಿಯಮವೊಂದರ ಮಾತೂ ಎದ್ದಿತು. ನಿಯಮದ ಅರ್ಥವನ್ನು ವಕೀಲರು ಬಿಡಿಸಲಿ. ಪರಂಪರೆಯ ಹೆಸರಿನಲ್ಲಿ ಅದನ್ನು ಸಮರ್ಥಿಸುವವರು ಮಾತ್ರ ಬೆಳಗಾವಿಯ ಬಸದಿಗೆ ದಾಯ ಬಿಟ್ಟ ಪರದೇಶಿಗಳನ್ನೂ, ಆಳಂದದ ಉರುಸಿಗೆ ಬರುತ್ತಿದ್ದ ನಾನಾ ದೇಶದ ವರ್ತಕರನ್ನೂ ಒಮ್ಮೆ ನೆನೆಯಬೇಕು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ದನಗಳು ಜಾತ್ರೆಗೆ ಬರುವುದು ಕಡಿಮೆಯಾಗಿರುವುದು ನಿಮ್ಮೂರಿನ ಸಂಗತಿ ಮಾತ್ರವಲ್ಲ. ಉಳುವ ಕೆಲಸ ಟ್ರ್ಯಾಕ್ಟರು ಟಿಲ್ಲರುಗಳಿಗೆ ಹೋದದ್ದು ಮೊದಲ ಕಾರಣ. ಹಿತ್ತಲಲ್ಲಿ ಕಟ್ಟಿದ ಹಸು ಈಗ ಹಾಲಿನ ಡೈರಿಯ ಲೆಕ್ಕದ್ದು, ಅದನ್ನು ಹುಲ್ಲು ಹಾಸಿ ಚಪ್ಪರದಲ್ಲಿ ನಿಲ್ಲಿಸಿ ಮಾರುವುದಿಲ್ಲ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿನ ನಂತರ ದನಗಳನ್ನು ವಾಹನದಲ್ಲಿ ಸಾಗಿಸಲು ಜನ ಹಿಂಜರಿಯುತ್ತಾರೆ. ಇದರ ಮೇಲೆ ಕಾಯಿಲೆಗಳು ಬೇರೆ: ಕಾಲುಬಾಯಿ ಜ್ವರ ಕಾಣಿಸಿದ ವರ್ಷ ದನದ ಜಾತ್ರೆ ನಿಲ್ಲುವುದು ಮೊದಲಿನಿಂದಲೂ ಇದ್ದದ್ದೇ, 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಹಲವು ಜಿಲ್ಲೆಗಳಲ್ಲಿ ಅವನ್ನು ನಿಷೇಧಿಸಬೇಕಾಯಿತು. ಒಂದೆರಡು ವರ್ಷ ತಪ್ಪಿದರೆ ದನದವರು ಬೇರೆ ದಾರಿ ಹಿಡಿಯುತ್ತಾರೆ, ಮತ್ತೆ ಮರಳುವುದಿಲ್ಲ. ಆದರೂ ನಾನು ಮೊದಲಿಗೆ ಹೇಳಿದ ಅಳತೆಗೋಲಿನಿಂದ ನೋಡಿದರೆ, ಜಾತ್ರೆಯನ್ನು ಜಾತ್ರೆ ಮಾಡಿದ್ದು ಅಲ್ಲಿಯ ಸರಕಲ್ಲ. ಆಳಂದದಲ್ಲಿ ಈಗ 20,000 ಕುದುರೆಗಳಿಲ್ಲ, ಉರುಸು ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಿಮ್ಮೂರಿನ ಹುಡುಗರು ಯಾರೂ ಫೋನ್ ಮಾಡಿ ಕರೆಯದಿದ್ದರೂ ತೇರಿನ ದಿನಕ್ಕೆ ರಜೆ ಹಾಕಿ ಬಸ್ಸು ಹತ್ತುತ್ತಾರೋ ಇಲ್ಲವೋ ಎಂಬುದನ್ನು ನೋಡಿ. ಹತ್ತುತ್ತಿದ್ದರೆ, ಅಲ್ಲಿ ಪ್ಲಾಸ್ಟಿಕ್ ಕೊಡ ಮತ್ತು ಮೊಬೈಲ್ ಕವರು ಮಾರುತ್ತಿದ್ದರೂ ಅದನ್ನು ಜಾತ್ರೆ ಎನ್ನಲು ನನಗೆ ಅಡ್ಡಿಯಿಲ್ಲ.

ನಿಮ್ಮೂರ ಜಾತ್ರೆಯ ಹಿಂದಿನದನ್ನು ತಿಳಿಯುವ ಆಸೆ ನಿಮಗಿದ್ದರೆ ಮೂರು ಕಡೆ ಹುಡುಕಿ. ಬಿ. ಎಲ್. ರೈಸ್ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮ ತಾಲ್ಲೂಕಿನ ಭಾಗದಲ್ಲಿ ಸಂತೆ, ಸುಂಕ, ಪಟ್ಟಣಸ್ವಾಮಿ ಎಂಬ ಶಬ್ದಗಳಿಗಾಗಿ ಕಣ್ಣಾಡಿಸಿ. ಗ್ರಾಮ ಆಡಳಿತ ಅಧಿಕಾರಿಗಳ (ಹಿಂದೆ ಗ್ರಾಮ ಲೆಕ್ಕಿಗರೆನ್ನುತ್ತಿದ್ದರು) ಬಳಿಯ ಹಳೆಯ ನಕ್ಷೆಯಲ್ಲಿ ಸಂತೆಮಾಳ, ತೋಪು, ದನದ ಕಟ್ಟೆ ಎಂದು ಬರೆದ ಸರ್ವೆ ನಂಬರು ಇದೆಯೇ ನೋಡಿ. ಈಗಿನ ಗುಡಿಗೂ ಆ ಮಾಳಕ್ಕೂ ಎಷ್ಟು ದೂರವೆಂಬುದೇ ಬಹಳಷ್ಟು ಹೇಳುತ್ತದೆ. ಮೂರನೆಯದಾಗಿ, ತೇರಿಗೆ ಹಗ್ಗ ಕೊಡುವ, ದೀವಟಿಗೆಗೆ ಎಣ್ಣೆ ಕೊಡುವ, ಮೊದಲ ಕಾಯಿ ಒಡೆಯುವ ಮನೆತನಗಳು ಯಾವುವು ಎಂದು ನಿಮ್ಮ ಅಜ್ಜಿಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಎಣ್ಣೆ ಕೊಡುವ ಮನೆ ಗಾಣಿಗರದಾಗಿದ್ದರೆ, ಹಗ್ಗ ಕೊಡುವವರು ಎಂಟು ಹತ್ತು ಮೈಲಿ ದೂರದ ಬೇರೆ ಊರಿನವರಾಗಿದ್ದರೆ, ನನಗೊಂದು ಪತ್ರ ಬರೆಯಿರಿ.